ಹ್ಯಾಮಕ್ ಕಟ್ಟುವ ಮುನ್ನ ಮರ ನೋಡಿ

ನಾಗರ ಪಂಚಮಿಗೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಜೋಕಾಲಿ ಕಟ್ಟಿ ಜೀಕಿದ ಬೆಳಗಾವಿ ಮಂದಿಗೆ ಹ್ಯಾಮಕ್ ಕಟ್ಟುವುದು ಸುಲಭ ಅನ್ನಿಸಬಹುದು. ಆದರೆ ಎರಡರ ಲೆಕ್ಕ ಬೇರೆ. ಜೋಕಾಲಿ ಟೊಂಗೆಯನ್ನು ಕೆಳಕ್ಕೆ ಜಗ್ಗುತ್ತದೆ, ಹ್ಯಾಮಕ್ ಎರಡು ಬೊಡ್ಡೆಗಳನ್ನು ಅಡ್ಡಡ್ಡ ಎಳೆಯುತ್ತದೆ.

ರಾಮತೀರ್ಥ ನಗರದಂಥ ಬಡಾವಣೆಯ ಅಂಗಳದಲ್ಲಿ ಮರವೇನೋ ಒಂದಿರುತ್ತದೆ, ಎರಡನೆಯದು ಸಿಗುವುದು ಕಷ್ಟ. ಹಾಗಂತ ಇನ್ನೊಂದು ತುದಿಯನ್ನು ಕಾಂಪೌಂಡಿನ ಇಟ್ಟಿಗೆ ಕಂಬಕ್ಕೆ ಬಿಗಿಯಬೇಡಿ. ಅಡ್ಡ ಎಳೆತಕ್ಕೆ ಕಂಬ ಉರುಳಿದರೆ ಬೀಳುವುದು ಮಲಗಿದವರ ಮೇಲೆಯೇ. ಮಾವು, ಬೇವು, ಹುಣಸೆ, ಖಾನಾಪುರದ ಕಡೆಯ ಮತ್ತಿ, ನೇರಳೆ ನಂಬಬಹುದಾದ ಮರಗಳು. ನುಗ್ಗೆಯ ಮಾತೇ ಬೇಡ. ಗುಲ್‌ಮೊಹರ್ ಕೂಡ ಗಾಳಿಗೆ ಲಟಕ್ಕನೆ ಮುರಿಯುವ ಜಾತಿ. ತೆಂಗಿನ ಬೊಡ್ಡೆ ಗಟ್ಟಿಯೇ, ಕಾಯಿ ಮಾತ್ರ ನೇರ ತಲೆಯ ಮೇಲೆ! ಬೊಡ್ಡೆಯ ಅಡ್ಡಳತೆ 20 ಸೆಂ.ಮೀ.ಗೆ ಕಡಿಮೆ ಇರಬಾರದು. ಗುದ್ದಿದರೆ ಪೊಳ್ಳು ಸದ್ದು, ಬುಡದಲ್ಲಿ ಅಣಬೆ, ಮೇಲೆ ಒಣಟೊಂಗೆ, ಹೆಜ್ಜೇನು, ಹತ್ತಿರದಲ್ಲಿ ಕರೆಂಟ್ ತಂತಿ: ಇವುಗಳಲ್ಲಿ ಒಂದು ಕಂಡರೂ ಬೇರೆ ಮರ ಹುಡುಕಿ.

ಮರಗಳ ನಡುವೆ 10ರಿಂದ 15 ಅಡಿ ಅಂತರ ಸಾಕು. ತೆಳು ಹಗ್ಗ ತೊಗಟೆಯನ್ನು ಕೊರೆದು ಅದರಡಿಯ ಜೀವಪದರವನ್ನು ಜಜ್ಜುತ್ತದೆ. ಮಂಚಕ್ಕೆ ಹೆಣೆಯುವ ನವಾರದಂಥ ಅಗಲ ಪಟ್ಟಿ ಇರಲಿ, ಅದೂ ಪಾಲಿಯೆಸ್ಟರಿನದು. ನೈಲಾನ್ ಭಾರಕ್ಕೆ ಹಿಗ್ಗುತ್ತದೆ. ಮೊಳೆ ಹೊಡೆಯಬೇಡಿ.

ಬಹಳ ಜನ ಎಡವುವುದು ಬಿಗಿಯಲ್ಲಿ. ಹ್ಯಾಮಕ್ ಸೆಟೆದು ನಿಂತಷ್ಟೂ ಭದ್ರ ಎಂಬುದು ತಪ್ಪು ಲೆಕ್ಕ. ಪಟ್ಟಿ ನೆಲಕ್ಕೆ ಸಮಾನಾಂತರ ಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ದರೆ, 60 ಕೆ.ಜಿ. ತೂಕದವರು ಮಲಗಿದಾಗ ಒಂದೊಂದು ಮರದ ಮೇಲೂ ಬೀಳುವ ಎಳೆತ ಅಷ್ಟೇ, 60 ಕೆ.ಜಿ. ಬಿಗಿದು 10 ಡಿಗ್ರಿಗೆ ತಂದರೆ ಅದೇ ಎಳೆತ 170 ಕೆ.ಜಿ. ದಾಟುತ್ತದೆ. ಅಳೆಯಲು ಸಾಧನ ಬೇಕಿಲ್ಲ. ತೋರುಬೆರಳನ್ನು ನೇರ ಮುಂದಕ್ಕೆ, ಹೆಬ್ಬೆರಳನ್ನು ಮೇಲಕ್ಕೆ ಚಾಚಿ. ಎರಡರ ತುದಿ ಕೂಡಿಸುವ ಓರೆ ಗೆರೆ ಸುಮಾರು 30 ಡಿಗ್ರಿ.

ಕೂತಾಗ ನೆಲದಿಂದ ಒಂದೂವರೆ ಅಡಿ ಎತ್ತರ ಸಾಕು. ಕೆಳಗಿನ ಕಲ್ಲು, ಬೇರುಕೊರಡು ತೆಗೆಯಿರಿ. ಮೊದಲು ಕೈಯಿಂದ ಜಗ್ಗಿ, ಆಮೇಲೆ ನಿಧಾನಕ್ಕೆ ಕೂತು ನೋಡಿ. ಮಕ್ಕಳು ಅದನ್ನೇ ಜೋಕಾಲಿ ಮಾಡಿಕೊಂಡು ಜೀಕದಂತೆ ದೊಡ್ಡವರು ಹತ್ತಿರವೇ ಇರಬೇಕು.

ಏಪ್ರಿಲ್-ಮೇ ತಿಂಗಳ ಗುಡುಗು-ಗಾಳಿಗೆ ಮರದಡಿ ಮಲಗುವುದು ಸಲ್ಲದು. ಮಳೆಗಾಲದಲ್ಲಿ ನೆಲ ನೆನೆದು ಬೇರಿನ ಹಿಡಿತವೂ ಸಡಿಲ. ಹ್ಯಾಮಕ್ಕನ್ನು ಕಾಡಿಗೆ ಒಯ್ಯುವವರಿಗೆ ಇನ್ನೊಂದು ಮಾತು: ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿಧಾಮ, ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಡುಬಿಡುವಂತಿಲ್ಲ. ಎಲ್ಲೇ ಕಟ್ಟಿದರೂ ಎದ್ದು ಹೊರಡುವಾಗ ಪಟ್ಟಿ ಬಿಚ್ಚಿಕೊಳ್ಳಿ: ಬೊಡ್ಡೆ ದಪ್ಪವಾಗುತ್ತಲೇ ಇರುತ್ತದೆ, ಬಿಟ್ಟ ಪಟ್ಟಿ ಮರದ ಕತ್ತು ಹಿಸುಕುತ್ತದೆ.