ಕೀಲಿನ ಮೇಲೆ ಕಣ್ಣಿರಲಿ

ತಮ್ಮಾ, ತೋಟಕ್ಕೆ ಹೋಗುವಾಗ ಕಿಸೆಯಲ್ಲಿಟ್ಟುಕೊಳ್ಳಲು ಮಡಚುವ ಚಾಕು ಯಾವುದು ಒಳ್ಳೆಯದು ದೊಡ್ಡಪ್ಪಾ ಎಂದು ಮೊನ್ನೆ ಕೇಳಿದೆ. ಫೋನಿನಲ್ಲಿ ಒಂದು ಚಾಕನ್ನೂ ತೋರಿಸಿದೆ. ದಪ್ಪ ಅಲಗು, ಕಬ್ಬಿಣದ ಹಿಡಿ, ಕಾಲು ಕಿಲೋ ತೂಕ. ನೋಡಲು ಚೆಂದವೇ. ಆದರೆ ಅಂಥದ್ದು ನಾಲ್ಕು ದಿನ ಕಿಸೆಯಲ್ಲಿದ್ದು ಐದನೆಯ ದಿನ ಕಪಾಟು ಸೇರುತ್ತದೆ. ಬೇಕೆಂದಾಗ ಕೈಗೆ ಸಿಗದ ಚಾಕು ಎಷ್ಟು ಗಟ್ಟಿಯಿದ್ದರೇನು?

ಕೊಳ್ಳುವ ಮೊದಲು ಒಂದು ವಾರ ನೀನು ಏನೇನು ಕೊಯ್ಯುತ್ತೀಯ ಎಂದು ಗಮನಿಸು. ಗೊಬ್ಬರದ ಚೀಲದ ಹೊಲಿಗೆ, ಮೆಣಸಿನ ಬಳ್ಳಿ ಕಟ್ಟುವ ದಾರ, ಹನಿ ನೀರಾವರಿಯ ಪೈಪು, ಊಟಕ್ಕೊಂದು ಬಾಳೆಲೆ, ದಾರಿಯಲ್ಲಿ ಸಿಕ್ಕ ಪೇರಲೆ. ಇಷ್ಟಕ್ಕೆ ಏಳೆಂಟು ಸೆಂಟಿಮೀಟರ್ ಅಲಗು ಧಾರಾಳ. ಕೊಂಬೆ ಕಡಿಯಲು ಕತ್ತಿಯಿದೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯಿದೆ, ಕಸಿ ಕಟ್ಟಲು ಒಂದೇ ಬದಿಗೆ ಸಾಣೆ ಹಿಡಿದ ಬೇರೆ ಚಾಕೇ ಇದೆ. ಅವುಗಳ ಕೆಲಸವನ್ನು ಕಿಸೆಯ ಚಾಕಿಗೆ ಹೇಳಬೇಡ.

ತೂಕ 50-60 ಗ್ರಾಂ ಇದ್ದರೆ ಅಂಗಿಯ ಕಿಸೆಯೂ ಜೋಲುವುದಿಲ್ಲ. ಅಲಗು ಬೆನ್ನಿನ ಕಡೆ ಎರಡು ಮಿಲಿಮೀಟರ್ ಆಸುಪಾಸು ದಪ್ಪವಿರಲಿ. ತೆಳು ಅಲಗು ಹಣ್ಣನ್ನು ಕೊಯ್ಯುತ್ತದೆ, ದಪ್ಪ ಅಲಗು ಬೆಣೆ ಹೊಡೆದಂತೆ ಸೀಳುತ್ತದೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮಾಡತೊಡಗಿದ ಮರದ ಹಿಡಿಯ ಚಾಕು ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಅದರ ಎಂಟನೇ ನಂಬರಿನ ಚಾಕಿಗೆ ಎಂಟೂವರೆ ಸೆಂಟಿಮೀಟರ್ ಅಲಗು, ತೂಕ 50 ಗ್ರಾಂ ಹತ್ತಿರ. ಹಳ್ಳಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡದು ಬೇಡ.

ಈಗ ಮುಖ್ಯ ಮಾತು. ನನ್ನ ಬಲಗೈ ತೋರುಬೆರಳಿನ ಮೇಲೆ ಅಡ್ಡ ಗೆರೆಯಿದೆಯಲ್ಲ, ಅದು ಮಡಚುವ ಚಾಕು ಕಲಿಸಿದ ಪಾಠ. ನೀರಿನ ಪೈಪಿಗೆ ತೂತು ಮಾಡಲು ಚಾಕಿನ ಮೊನೆ ಒತ್ತಿ ತಿರುಗಿಸುತ್ತಿದ್ದೆ. ಅಲಗಿಗೆ ಲಾಕ್ ಇರಲಿಲ್ಲ. ಮೊನೆ ಸಿಕ್ಕಿಕೊಂಡಿತು, ಕೀಲು ಮಡಚಿತು, ಅಲಗು ಬೆರಳ ಮೇಲೆ ಮುಚ್ಚಿತು. ಚಾಕು ಕೊಯ್ಯುವ ಕಡೆಗಿಂತ ಮಡಚುವ ಕಡೆಯಿಂದ ಹೆಚ್ಚು ಅಪಾಯ. ಅದಕ್ಕೇ ಹೇಳುವುದು, ಅಲಗು ನೋಡುವ ಮೊದಲು ಕೀಲು ನೋಡು.

ಲಾಕ್ ಇರುವುದನ್ನೇ ತೆಗೆದುಕೋ. ಕೆಲವಕ್ಕೆ ಹಿಡಿಯೊಳಗಿನ ತಗಡು ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ, ಕೆಲವಕ್ಕೆ ಹಿಡಿಯ ಬೆನ್ನಿನಲ್ಲಿ ಒತ್ತುವ ಕೊಕ್ಕೆ ಇರುತ್ತದೆ. ಒಪಿನೆಲ್ ಚಾಕಿಗೆ 1955ರಿಂದ ತಿರುಗಿಸುವ ಬಳೆ ಬಂತು. ಯಾವುದಾದರೂ ಸರಿ, ಅಂಗಡಿಯಲ್ಲೇ ಹತ್ತು ಸಲ ತೆರೆದು ಮುಚ್ಚಿ ನೋಡು. ತೆರೆದ ಅಲಗನ್ನು ಅತ್ತಿತ್ತ ಅಲ್ಲಾಡಿಸು, ಕೀಲು ಲೊಡಲೊಡ ಎನ್ನಬಾರದು. ಅಲಗು ಮುಚ್ಚುವ ದಾರಿಯಿಂದ ಬೆರಳು ಸರಿಸಿ, ಅದರ ಬೆನ್ನನ್ನು ಮೇಜಿಗೆ ಮೆಲ್ಲಗೆ ಒತ್ತಿ ನೋಡು. ಲಾಕ್ ಜಾರಿದರೆ ಆ ಚಾಕು ಬೇಡ. ಲಾಕ್ ಇದ್ದರೂ ಮೊನೆಯಿಂದ ಒತ್ತುವ, ಮೀಟುವ ಕೆಲಸ ಮಾಡಬೇಡ. ತೂತಿಗೆ ದಬ್ಬಣವೋ ಮೊಳೆಯೋ ಹುಡುಕು.

ಉಕ್ಕಿನ ಬಗ್ಗೆ ಗೊಂದಲ ಬೇಡ. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಹಸಿ ಅಡಿಕೆಯ ಚೊಗರು ತಗುಲಿದರೆ ಕಪ್ಪಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಸ್ಟೇನ್‌ಲೆಸ್ ಒಳ್ಳೆಯದು. ಮರದ ಹಿಡಿ ಕೈಗೆ ಹಿತ ನಿಜ, ಆದರೆ ಆಷಾಢದಲ್ಲಿ ನೀರು ಕುಡಿದು ಉಬ್ಬಿದರೆ ಅಲಗು ಹೊರಗೆ ಬರಲೊಲ್ಲದು. ನೈಲಾನ್ ಹಿಡಿಗೆ ಆ ಕಾಟವಿಲ್ಲ, ಹಗುರವೂ ಹೌದು.

ಗುಂಡಿ ಒತ್ತಿದರೆ ಛಂಗನೆ ಹಾರುವ ಚಾಕಿನ ಗೊಡವೆಗೆ ಹೋಗಬೇಡ. ಕಿಸೆಯಲ್ಲಿ ಗುಂಡಿ ತಾನಾಗಿ ಅದುಮಿದರೆ ತೊಡೆಗೇ ಗಾಯ. ನಮ್ಮ ದೇಶದ 2016ರ ಆಯುಧ ನಿಯಮಗಳು ಮನೆಗೆಲಸ, ಕೃಷಿಯಂಥ ಕೆಲಸಕ್ಕೆಂದೇ ಮಾಡಿದವನ್ನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು ಆಯುಧವೆಂದು ಎಣಿಸುತ್ತವೆ. ನಿನ್ನದು ಅದರ ಹತ್ತಿರವೂ ಬರುವುದಿಲ್ಲ. ಹಾಗೆಂದು ಸಂತೆಗೆ, ಜಾತ್ರೆಗೆ, ಕೋರ್ಟು ಕಚೇರಿಗೆ ಒಯ್ಯಬೇಡ. ಹುಬ್ಬಳ್ಳಿಯಿಂದ ವಿಮಾನ ಹತ್ತುವಾಗ ಕಿಸೆ, ಕೈಚೀಲ ಎರಡನ್ನೂ ತಡವಿ ನೋಡು. ಚಾಕು ಇದ್ದರೆ ಕೌಂಟರಿನಲ್ಲಿ ಕೊಡುವ ದೊಡ್ಡ ಚೀಲಕ್ಕೆ ಹಾಕು.

ತಂದ ಮೇಲೆ ಆರೈಕೆ ನಿನ್ನದು. ಮೊಂಡ ಚಾಕಿಗೆ ಬಲ ಹಾಕುತ್ತೇವೆ, ಬಲ ಹಾಕಿದಾಗಲೇ ಕೈ ಜಾರುತ್ತದೆ. ಒಂದು ಸಣ್ಣ ಮಸೆಗಲ್ಲು ಇಟ್ಟುಕೋ. ಅಲಗನ್ನು ಎಷ್ಟು ಓರೆ ಹಿಡಿಯಬೇಕೆಂದು ತಿಳಿಯಲು ಕಾಗದದ ಮೂಲೆಯನ್ನು ಎರಡು ಸಲ ಅರ್ಧಕ್ಕೆ ಮಡಚು. 90 ಡಿಗ್ರಿ 45 ಆಗಿ, ಮತ್ತೆ ಇಪ್ಪತ್ತೆರಡೂವರೆ ಆಗುತ್ತದೆ. ಅದಕ್ಕಿಂತ ಒಂದು ಕೂದಲು ಕಡಿಮೆ ಓರೆಯಲ್ಲಿ ಎರಡೂ ಬದಿ ಸಮವಾಗಿ ಮಸೆ. ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಬಿಡಬೇಡ, ಚಳಿಗಾಲದ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಕೀಲು ಬಿಗಿಯುತ್ತದೆ.

ಯಾರಾದರೂ ಕೇಳಿದರೆ ಮಡಚಿಯೇ ಕೊಡು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟು ತೆಗೆದುಕೊಳ್ಳಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಜಗಳವಾಗುತ್ತದೆ ಎನ್ನುವುದು ಅವಳ ಕಾರಣ. ಬೆರಳು ಉಳಿಯುತ್ತದೆ ಎನ್ನುವುದು ನನ್ನದು. ಮಡಚುವಾಗ ಮಾತಾಡಬೇಡ, ಆಚೀಚೆ ನೋಡಬೇಡ. ಆ ಒಂದು ಕ್ಷಣ ಕಣ್ಣು ಕೀಲಿನ ಮೇಲಿರಲಿ. ನನ್ನ ಬೆರಳಿನ ಗೆರೆ ನಿನ್ನ ಬೆರಳಿಗೆ ಬರುವುದು ಬೇಡ.