ನಷ್ಟವನ್ನೂ ಬರೆದಿಡು ಮಗಳೇ

ಮಗಳೇ, ನಿಮ್ಮ ಬೆಲ್ಲದ ರೈತ ಉತ್ಪಾದಕ ಕಂಪನಿಗೆ ನೀನು ನಿರ್ದೇಶಕಿಯಾದೆ ಅಂತ ನಿಮ್ಮಪ್ಪ ಪಾಂಡವಪುರದಿಂದ ಫೋನ್ ಮಾಡಿದ. ತುಂಬ ಸಂತೋಷವಾಯಿತು. ದುಡಿಯುವ ಬಂಡವಾಳಕ್ಕೆ ಬ್ಯಾಂಕ್ ಸಾಲ ಕೇಳಬೇಕು, ದೊಡ್ಡಪ್ಪ ಏನಂತಾರೋ ಅಂದೆಯಂತೆ. ಮೂವತ್ತು ವರ್ಷ ಈ ಜಿಲ್ಲೆಯ ಶಾಖೆಗಳಲ್ಲಿ ಸಾಲದ ಅರ್ಜಿ ನೋಡಿದವನು ನಾನು. ಅನಿಸಿದ್ದನ್ನು ಬಿಚ್ಚಿ ಹೇಳುತ್ತೇನೆ.

ಶ್ರೀರಂಗಪಟ್ಟಣದ ಕಡೆ ನಾಲೆ ನೀರು ಹರಿಯುವ ಗದ್ದೆಯ ಪತ್ರ ತಂದವರಿಗೆ ಸಾಲ ಸಿಗುವುದು ಕಷ್ಟವಿರಲಿಲ್ಲ. ನಾಗಮಂಗಲದ ಖುಷ್ಕಿ ಹೊಲದ ಪತ್ರಕ್ಕೆ ಆ ತೂಕ ಎಲ್ಲಿಂದ ಬರಬೇಕು? ಆದರೂ ಅಲ್ಲಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ನಾವು ಅಡಮಾನವಿಲ್ಲದೆ ಸಾಲ ಕೊಟ್ಟೆವು. ನಬಾರ್ಡ್ 1992ರಲ್ಲಿ 500 ಗುಂಪುಗಳೊಂದಿಗೆ ಶುರು ಮಾಡಿದ ದಾರಿ ಅದು. ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾದ ಮರುಪಾವತಿ, ಅಂದಂದೇ ಬರೆದ ಪುಸ್ತಕ, ಇದನ್ನೇ ಪಂಚಸೂತ್ರ ಅಂತಿದ್ದೆವು. ಹೊಲದ ಪತ್ರ ಮಾಡದ ಕೆಲಸವನ್ನು ಆ ಪುಸ್ತಕ ಮಾಡಿತು ಕಣವ್ವ.

ಕೆ.ಆರ್. ಪೇಟೆಯಲ್ಲಿದ್ದಾಗ ಒಂದೇ ವಾರದಲ್ಲಿ ಎರಡು ಸಂಘದವರು ಬಂದರು. ಒಬ್ಬರ ಲೆಕ್ಕದ ಪುಸ್ತಕ ಥಳಥಳ ಹೊಳೆಯುತ್ತಿತ್ತು. ಇಡೀ ವರ್ಷಕ್ಕೆ ಒಂದೇ ಪೆನ್ನು, ಒಂದೇ ಶಾಯಿ, ಒಂದು ಚಿತ್ತೂ ಇಲ್ಲ. ಒಂದು ರಾತ್ರಿಯಲ್ಲಿ ಕೂತು ಬರೆದದ್ದು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಇನ್ನೊಬ್ಬರ ಪುಸ್ತಕದ ಅಂಚಿಗೆಲ್ಲ ಬೆಲ್ಲದ ಜಿಗುಟು. ಆಷಾಢದ ಪುಟದಲ್ಲಿ ‘ಮಳೆಗೆ ಬೆಲ್ಲ ನೀರು ಬಿಟ್ಟಿದೆ, ಅರ್ಧ ಬೆಲೆಗೆ ಮಾರಿದೆವು’ ಅಂತ ಬರೆದು ಮೂವರು ಸಹಿ ಹಾಕಿದ್ದರು. ನಷ್ಟ ತೋರಿಸಿದ ಆ ಎರಡನೆಯವರಿಗೇ ನಾನು ಸಾಲಕ್ಕೆ ಶಿಫಾರಸು ಮಾಡಿದ್ದು. ಕೆಟ್ಟ ಸುದ್ದಿಯನ್ನು ತಾವಾಗಿಯೇ ಹೇಳುವವರು ನಾಳೆ ಕಂತು ತಪ್ಪುವ ಮುಂಚೆಯೂ ಬಂದು ಹೇಳುತ್ತಾರೆ. ಆಗ ಗಡುವು ಬದಲಿಸಿಯಾದರೂ ಬ್ಯಾಂಕು, ಸಾಲಗಾರರು ಇಬ್ಬರೂ ಉಳಿಯಬಹುದು. ಲೆಕ್ಕ ನಂಬುವ ಹಾಗಿಲ್ಲದಿದ್ದರೆ ಬ್ಯಾಂಕು ಸಾಲದ ಮಿತಿ ಇಳಿಸುತ್ತದೆ, ಹೆಚ್ಚು ಅಡಮಾನ ಕೇಳುತ್ತದೆ, ನಿರ್ದೇಶಕರ ಸ್ವಂತ ಜಾಮೀನಿಗೆ ಪಟ್ಟು ಹಿಡಿಯುತ್ತದೆ. ಆಗ ನಿಮ್ಮಪ್ಪನ ಗದ್ದೆಯ ಪತ್ರವೂ ಹೊರಗೆ ಬರಬೇಕಾಗುತ್ತದೆ.

ಅದಕ್ಕೇ ಗೋದಾಮಿನ ದಾಸ್ತಾನು ಪಟ್ಟಿಯನ್ನು ತಿಂಗಳು ತಿಂಗಳಿಗೆ ಬ್ಯಾಂಕಿಗೆ ಕೊಡು. ಮೂರು ತಿಂಗಳಿಗಿಂತ ಹಳೆಯ ಪಟ್ಟಿಯ ಮೇಲೆ ಹಣ ತೆಗೆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಅದು ಕ್ರಮ ತಪ್ಪಿದ ಬಾಕಿ. ಹಾಗೇ 90 ದಿನ ನಡೆದರೆ ಖಾತೆಯೇ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬಣ್ಣಗೆಟ್ಟ ಅಚ್ಚು ಬೆಲ್ಲಕ್ಕೆ ಹೊಸ ಬೆಲ್ಲದ ಬೆಲೆ ಕಟ್ಟಬೇಡ. ಬ್ಯಾಂಕಿನ ಅಧಿಕಾರಿ ಬಂದು ಒಂದು ಅಚ್ಚು ಮುರಿದು ನೋಡಿದರೆ ಮುಗಿಯಿತು.

ಆಡಿಟರ್ ಸಹಿ ಇದೆಯಲ್ಲ ಅನ್ನಬೇಡ. ಸತ್ಯಂ ಕಂಪನಿಯ ಲೆಕ್ಕಕ್ಕೂ ಸಹಿ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ತಾವೇ ಒಪ್ಪಿಕೊಂಡರು, ಪುಸ್ತಕದಲ್ಲಿ ತೋರಿಸಿದ್ದ ಸುಮಾರು 5,000 ಕೋಟಿ ರೂಪಾಯಿ ಬ್ಯಾಂಕಿನಲ್ಲಿ ಇರಲೇ ಇಲ್ಲ ಅಂತ. ಈಗ ಬ್ಯಾಂಕಿನವರು ಸಹಿಯ ಜೊತೆ ಅದು ಅಸಲಿಯೇ ಅಂತ ಪರಿಶೀಲಿಸುವ ಯುಡಿಐಎನ್ ಸಂಖ್ಯೆಯನ್ನೂ ನೋಡುತ್ತಾರೆ, ಜಿಎಸ್‌ಟಿ ರಿಟರ್ನನ್ನು ಖಾತೆಯ ವಹಿವಾಟಿನ ಜೊತೆ ತಾಳೆ ಹಾಕುತ್ತಾರೆ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟದ್ದು. ನಿಮ್ಮ ಅಧ್ಯಕ್ಷರು ನಿಮ್ಮಪ್ಪನ ಬಾಲ್ಯದ ಗೆಳೆಯರು. ನಾಳೆ ತಮ್ಮ ಆಲೆಮನೆಗೆ ಕಂಪನಿಯಿಂದ ಮುಂಗಡ ಬೇಕು ಅಂದರೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ನಿನ್ನ ಕೈಯಲ್ಲಿ ಕಾನೂನು ಇದೆ. ಉತ್ಪಾದಕ ಕಂಪನಿಯಲ್ಲಿ ನಿರ್ದೇಶಕರಿಗಾಗಲಿ ಅವರ ನೆಂಟರಿಗಾಗಲಿ ಸಾಲ ಕೊಡಬೇಕಾದರೆ ಸದಸ್ಯರ ಮಹಾಸಭೆ ಒಪ್ಪಬೇಕು, ಆ ಸಭೆಯಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ‘ದೊಡ್ಡವರೇ, ಸಭೆಗೆ ಇಡೋಣ’ ಅಂದರೆ ಸಾಕು, ಮರ್ಯಾದೆಯೂ ಉಳಿಯುತ್ತದೆ. ಆಡಳಿತ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ನಡಾವಳಿಯಲ್ಲಿ ಒಪ್ಪದವರ ಮಾತನ್ನೂ ಬರೆಸು. ನಾನು ಸಾಲದ ಕಡತ ನೋಡುವಾಗ ಎಲ್ಲ ಠರಾವಿಗೂ ಎಲ್ಲರೂ ತಲೆಯಾಡಿಸಿದ್ದರೆ ಅನುಮಾನ ಪಡುತ್ತಿದ್ದೆ.

ಭಾನುವಾರ ಊಟಕ್ಕೆ ಬಾ. ಬರುವಾಗ ಕಳೆದ ಮಳೆಗಾಲದ ದಾಸ್ತಾನು ಪುಸ್ತಕ ತಗೊಂಡು ಬಾ, ಆಷಾಢದ ಪುಟದಿಂದಲೇ ಶುರು ಮಾಡೋಣ.