ಮತದಾರರ ಪಟ್ಟಿಯನ್ನು ಓದುವ ವಿದ್ಯೆ

ನವೆಂಬರ್ 26ರ ಸಂವಿಧಾನ ದಿನದಂದೂ ಜನವರಿ 25ರ ರಾಷ್ಟ್ರೀಯ ಮತದಾರರ ದಿನದಂದೂ ನಮ್ಮ ಶಾಲೆ, ಕಾಲೇಜು, ಪಂಚಾಯಿತಿ ಕಚೇರಿಗಳಲ್ಲಿ ಜರುಗುವ ಸಭೆಗಳ ಕ್ರಮವು ಎಲ್ಲರಿಗೂ ಪರಿಚಿತವಾದದ್ದು. ಗಣ್ಯರು ದೀಪ ಬೆಳಗುತ್ತಾರೆ. ಒಬ್ಬರು ಪೀಠಿಕೆಯನ್ನು ಹೇಳಿಕೊಡಲು ಉಳಿದವರೆಲ್ಲ ಬಲಗೈ ಚಾಚಿ ಅದನ್ನು ಅನುಸರಿಸಿ ನುಡಿಯುತ್ತಾರೆ. ಮತದಾರರ ಪ್ರತಿಜ್ಞಾ ಸ್ವೀಕಾರವಾಗಿ, ಭಾಷಣಗಳಾಗಿ, ವಂದನಾರ್ಪಣೆಯೊಡನೆ ಸಭೆ ಮುಗಿಯುತ್ತದೆ. 2024ರ ಜನವರಿ 26ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಸಂವಿಧಾನ ಜಾಗೃತಿ ಜಾಥಾ ಈ ಕಾರ್ಯವನ್ನು ಹಳ್ಳಿಹಳ್ಳಿಯ ಬಾಗಿಲಿಗೆ ಕೊಂಡೊಯ್ದಿತು. ಇವೆಲ್ಲವೂ ಸ್ತುತ್ಯವಾದ ಪ್ರಯತ್ನಗಳೇ. ಆದರೆ ಪೀಠಿಕೆಯನ್ನು ಏಕಕಂಠದಿಂದ ಪಠಿಸಿದ ಆ ಸಭಿಕರಲ್ಲಿ ಎಷ್ಟು ಮಂದಿಯ ಹೆಸರು ತಮ್ಮ ಊರಿನ ಮತದಾರರ ಪಟ್ಟಿಯಲ್ಲಿ ಉಂಟು, ಎಷ್ಟು ಮಂದಿಯದು ಬಿಟ್ಟುಹೋಗಿದೆ ಎಂಬುದನ್ನು ಯಾರೂ ತೆರೆದು ನೋಡದೆ ಸಭೆ ವಿಸರ್ಜನೆಯಾದರೆ, ಅಲ್ಲಿ ನಡೆದದ್ದು ಅರ್ಧ ಪಾಠವೆಂದೇ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ನಮ್ಮ ಮತಾಧಿಕಾರವು ಸಂವಿಧಾನದ 326ನೆಯ ವಿಧಿಯಲ್ಲಿ ಜನಿಸಿದ್ದಾದರೂ ಅದು ವಾಸಿಸುವುದು ಒಂದು ಪಟ್ಟಿಯಲ್ಲಿ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಬ್ರಿಟಿಷರ 1935ರ ಶಾಸನದ ಕಾಲದಲ್ಲಿ ಮತವೆಂಬುದು ಆಸ್ತಿ, ತೆರಿಗೆ, ವಿದ್ಯಾರ್ಹತೆಗಳ ಅಳತೆಗೆ ಒಳಪಟ್ಟು ಕೆಲವರಿಗೆ ಮಾತ್ರ ಸಲ್ಲತಕ್ಕ ವಸ್ತುವಾಗಿತ್ತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು ಇಡೀ ದೇಶವೇ ಗಮನಿಸಿದ ಸಂಗತಿ. 1923ರ ಶಾಸನವು ಸ್ತ್ರೀಯೆಂಬ ಕಾರಣದಿಂದ ಮತಾಧಿಕಾರ ಇಲ್ಲದಂತಾಗಿದ್ದ ಅಡ್ಡಿಯನ್ನು ಆ ಸಭೆಯ ಮಟ್ಟಿಗೆ ತೆಗೆದುಹಾಕಿದ್ದೂ ನಾವು ಹೆಮ್ಮೆಪಡತಕ್ಕದ್ದೇ. ಆದರೂ ಅಲ್ಲಿಯೂ ಭೂಕಂದಾಯವೇ ಮೊದಲಾದ ಅರ್ಹತೆಗಳ ಹೊಸ್ತಿಲನ್ನು ದಾಟದ ಬಡ ಒಕ್ಕಲಿಗನಿಗಾಗಲಿ ಕೂಲಿಯವನಿಗಾಗಲಿ ಪ್ರವೇಶವಿರಲಿಲ್ಲ. ಪ್ರಾಪ್ತವಯಸ್ಕರಾದ ಸಮಸ್ತರಿಗೂ ಮತವೆಂಬ ನಿರ್ಣಯವನ್ನು ಸಂವಿಧಾನ ಸಭೆ ಕೈಗೊಂಡಾಗ, ಓದುಬರಹ ಬಲ್ಲವರು ಅತ್ಯಲ್ಪವಾಗಿದ್ದ ದೇಶದಲ್ಲಿ ಇದು ಸಾಧ್ಯವೇ ಎಂದು ಶಂಕಿಸಿದವರು ಅನೇಕರು.

ಆ ಶಂಕೆಗೆ ಉತ್ತರ ದೊರೆತದ್ದು ಭಾಷಣಗಳಿಂದಲ್ಲ, ಪಟ್ಟಿ ಬರೆಯುವ ಕೆಲಸದಿಂದ. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಸಾಂವಿಧಾನಿಕ ಸಲಹೆಗಾರರಾಗಿದ್ದ ಸಂವಿಧಾನ ಸಭೆಯ ಸಚಿವಾಲಯವು, ಸಂವಿಧಾನವಿನ್ನೂ ಕರಡಿನ ಸ್ಥಿತಿಯಲ್ಲಿದ್ದಾಗಲೇ, 1948ರಲ್ಲಿ ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳುಹಿಸಿ ಮನೆಮನೆಯ ಎಣಿಕೆಯನ್ನು ಆರಂಭಿಸಿತು. ದೇಶವಿಭಜನೆಯ ದಾರುಣದಲ್ಲಿ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ವಾಸದ ದಾಖಲೆ ಎಲ್ಲಿಂದ ಬರಬೇಕು? ಇಲ್ಲಿಯೇ ಶಾಶ್ವತವಾಗಿ ನೆಲೆಸುವೆನೆಂಬ ಅವರ ಘೋಷಣೆಯನ್ನೇ ಪ್ರಮಾಣವಾಗಿ ಅಂಗೀಕರಿಸಿ ಹೆಸರು ಬರೆದುಕೊಳ್ಳಬೇಕೆಂದು ಅಂದಿನ ಅಧಿಕಾರಿಗಳು ನಿಶ್ಚಯಿಸಿದರು. ಆಡಳಿತವು ಪ್ರಜೆಯನ್ನು ಸಂಶಯಿಸುವುದಕ್ಕೆ ಬದಲಾಗಿ ಹುಡುಕಿಕೊಂಡು ಹೋದ ಈ ಪ್ರಸಂಗವನ್ನು ನಮ್ಮ ಅರಿವಿನ ಸಭೆಗಳಲ್ಲಿ ವಿಸ್ತಾರವಾಗಿ ಹೇಳಬೇಕು. ಸಂವಿಧಾನದ ಬಹುಭಾಗವು 1950ರ ಜನವರಿ 26ರಂದು ಜಾರಿಗೆ ಬಂದಿತಾದರೂ, ಪೌರತ್ವದ ವಿಧಿಗಳೂ ಚುನಾವಣಾ ಆಯೋಗಕ್ಕೆ ಸಂಬಂಧಿಸಿದ 324ನೆಯ ವಿಧಿಯೂ 1949ರ ನವೆಂಬರ್ 26ರಂದೇ ಜಾರಿಯಾದವು. ಗಣರಾಜ್ಯ ಹುಟ್ಟುವುದಕ್ಕೆ ಮುನ್ನವೇ ಮತದಾರನ ವ್ಯವಸ್ಥೆ ಸಿದ್ಧವಾಗಬೇಕೆಂಬ ದೂರದೃಷ್ಟಿ ಅದರ ಹಿಂದೆ ಇತ್ತೆಂದು ತೋರುತ್ತದೆ.

ಆ ಮೊದಲ ಪಟ್ಟಿಯಲ್ಲಿ ಸುಮಾರು 17 ಕೋಟಿ 32 ಲಕ್ಷ ಹೆಸರುಗಳಿದ್ದವು. ಅದರಲ್ಲಿ ಒಂದು ನೋವಿನ ಅಧ್ಯಾಯವೂ ಉಂಟು. ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಹೆಂಗಸರು ಅಪರಿಚಿತ ಗುಮಾಸ್ತನ ಮುಂದೆ ತಮ್ಮ ಹೆಸರು ಹೇಳಲು ಸಂಕೋಚಪಟ್ಟು ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಯಾರನ್ನೂ ಮತದಾರಳೆಂದು ದಾಖಲಿಸಲಾಗದೆಂದು ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ನಿಲುವು ತಳೆದುದರಿಂದ, ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಪಟ್ಟಿಯಿಂದ ಹೊರಗುಳಿಯಿತು. ಸೇನರ ನಿಲುವು ತತ್ತ್ವತಃ ಸರಿಯಾದದ್ದು. ಹೆಣ್ಣು ತನ್ನ ಹೆಸರಿನಿಂದಲೇ ಪ್ರಜೆಯಾಗಬೇಕು. ಆದರೆ ಆ 28 ಲಕ್ಷ ಮಂದಿ ಆ ಚುನಾವಣೆಯಲ್ಲಿ ಮತವಿಲ್ಲದೆ ಉಳಿದರೆಂಬುದೂ ಸತ್ಯವೇ.

ಇಂದಿನ ನಮ್ಮ ಹೆಣ್ಣುಮಕ್ಕಳು ಹೆಸರು ಹೇಳಲು ನಾಚುವವರಲ್ಲ. ಆದರೂ ಮದುವೆಯಾಗಿ ಅತ್ತೆಮನೆಗೆ ಬಂದ ಸೊಸೆಯ ಹೆಸರು ವರ್ಷಗಟ್ಟಲೆ ತವರಿನ ಪಟ್ಟಿಯಲ್ಲೇ ಉಳಿದು, ಕಡೆಗೊಮ್ಮೆ ಅಲ್ಲಿಂದ ತೆಗೆಯಲ್ಪಟ್ಟು, ಇಲ್ಲಿ ಸೇರದೆ, ಎರಡೂ ಕಡೆ ಇಲ್ಲವಾಗುವುದು ಸಾಮಾನ್ಯ. ಕಾನೂನು ಇದಕ್ಕೆ ಸುಲಭವಾದ ದಾರಿಯನ್ನು ಇಟ್ಟಿದೆ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ವಾಸಸ್ಥಳ ಬದಲಾದಾಗಲೂ, ಹೆಸರು, ವಯಸ್ಸು, ಭಾವಚಿತ್ರಗಳಲ್ಲಿ ತಪ್ಪಿದ್ದಾಗಲೂ, ಗುರುತಿನ ಚೀಟಿ ಕಳೆದಾಗಲೂ ನಮೂನೆ 8. ಮೇಲೆ ಹೇಳಿದ ಸೊಸೆಯು, ತವರಿನ ಪಟ್ಟಿಯಲ್ಲಿ ಹೆಸರು ಇನ್ನೂ ಉಳಿದಿರುವಷ್ಟು ಕಾಲ, ಹೊಸ ಮತದಾರಳಲ್ಲವಾದ್ದರಿಂದ ಆಕೆ ತುಂಬತಕ್ಕದ್ದು ನಮೂನೆ 8. ಎರಡು ಕಡೆ ಹೆಸರು ಇಟ್ಟುಕೊಳ್ಳುವುದನ್ನು ಕಾನೂನು ಒಪ್ಪುವುದಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗಿನ ಸೆರೆವಾಸವೂ ಉಂಟು. ಅರ್ಜಿಯನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ, ಅಂದರೆ ಊರಿನವರೆಲ್ಲ ಬಿಎಲ್‌ಒ ಎಂದು ಕರೆಯುವ ಶಿಕ್ಷಕರಿಗೋ ಅಂಗನವಾಡಿ ಕಾರ್ಯಕರ್ತೆಯರಿಗೋ ಕೊಡಬಹುದು, ಅಥವಾ ಆಯೋಗದ ಜಾಲತಾಣದಲ್ಲಿ ಸಲ್ಲಿಸಬಹುದು. ಎಲ್ಲಿ ಕೊಟ್ಟರೂ ಸ್ವೀಕೃತಿಯನ್ನು ಕೇಳಿ ಪಡೆಯಲೇಬೇಕು. ಸಂಶಯಗಳಿಗೆ 1950 ಎಂಬ ದೂರವಾಣಿ ಸಂಖ್ಯೆಯಿದೆ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. 61ನೆಯ ತಿದ್ದುಪಡಿಯು 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಬಹುಕಾಲ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿದ್ದು, ಜನವರಿ 2ರಂದು ಹದಿನೆಂಟು ತುಂಬಿದವನು ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕಾಗುತ್ತಿತ್ತು. 2021ರ ತಿದ್ದುಪಡಿಯಿಂದಾಗಿ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ನಾಲ್ಕೂ ಅರ್ಹತಾ ದಿನಾಂಕಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ವಾಸದ ನಿಯಮವೇ ಜನರನ್ನು ಹೆಚ್ಚು ಗೊಂದಲಕ್ಕೆ ಈಡುಮಾಡುವುದು. 1950ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 20ನೆಯ ಪ್ರಕರಣದಂತೆ, ಒಂದು ಕ್ಷೇತ್ರದಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ಸಾಮಾನ್ಯ ನಿವಾಸಿಯಾಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸಿಯೆಂಬ ಸ್ಥಾನ ಹೋಗುವುದೂ ಇಲ್ಲ. ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲೆಂದೋ ಕಟ್ಟಡದ ಕೂಲಿಗೆಂದೋ ಗುಳೆ ಹೋಗಿ ಮಳೆಗಾಲಕ್ಕೆ ಮರಳುವ ರಾಯಚೂರು, ಕಲಬುರಗಿ, ಯಾದಗಿರಿ ಸೀಮೆಯ ಕುಟುಂಬಗಳು ಈ ಎರಡನೆಯ ಮಾತನ್ನು ಕಂಠಪಾಠ ಮಾಡಿಟ್ಟುಕೊಳ್ಳಬೇಕು. ಬೀಗ ಹಾಕಿದ ಮನೆ ಎಂಬ ಒಂದೇ ಕಾರಣವು ಹೆಸರು ಅಳಿಸುವುದಕ್ಕೆ ಆಧಾರವಾಗಕೂಡದು. ಮನೆಯೇ ಇಲ್ಲದೆ ಪಾದಚಾರಿ ಮಾರ್ಗದಲ್ಲಿ ಮಲಗುವವರ ವಿಷಯದಲ್ಲಿ, ಬಿಎಲ್‌ಒ ರಾತ್ರಿ ವೇಳೆ ಅಲ್ಲಿಗೆ ಹೋಗಿ ಅವರು ಮಲಗುವ ಸ್ಥಳವನ್ನು ಕಣ್ಣಾರೆ ಕಂಡು ದೃಢಪಡಿಸಿಕೊಳ್ಳಬೇಕೆಂದು ಆಯೋಗದ ಸೂಚನೆಯಿದೆ. 1948ರಲ್ಲಿ ನಿರಾಶ್ರಿತನನ್ನು ಹುಡುಕಿಕೊಂಡು ಹೋದ ಮನಸ್ಸೇ ಈ ಸೂಚನೆಯಲ್ಲಿಯೂ ಕೆಲಸ ಮಾಡಿದೆ.

ಇನ್ನು ಪಟ್ಟಿಯನ್ನೇ ಕೈಗೆತ್ತಿಕೊಳ್ಳೋಣ. ಮೊದಲ ಪುಟದಲ್ಲಿ ವಿಧಾನಸಭಾ ಕ್ಷೇತ್ರದ ಹೆಸರು, ಭಾಗ ಸಂಖ್ಯೆ, ಆ ಭಾಗದಲ್ಲಿ ಸೇರಿದ ಬೀದಿ ಕೇರಿಗಳು, ಮತಗಟ್ಟೆಯ ವಿಳಾಸ ಇರುತ್ತವೆ. ಒಳಪುಟಗಳಲ್ಲಿ ಸಾಲುಸಾಲಾದ ಚೌಕಗಳು. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆ ಅಥವಾ ತಾಯಿ ಅಥವಾ ಗಂಡನ ಹೆಸರು, ಮನೆಯ ಸಂಖ್ಯೆ, ವಯಸ್ಸು, ಲಿಂಗ. ಹೆಚ್ಚಿನವರು ತಮ್ಮ ಹೆಸರು ಕಂಡೊಡನೆ ತೃಪ್ತರಾಗಿ ಪುಟ ಮುಚ್ಚುತ್ತಾರೆ. ನಿಜವಾಗಿ ಓದಬೇಕಾದ್ದು ಕೊನೆಯ ಪುಟಗಳಲ್ಲಿರುವ ಪೂರಕ ಪಟ್ಟಿಯನ್ನು. ಹೊಸದಾಗಿ ಸೇರಿದವರೂ ತೆಗೆದುಹಾಕಲ್ಪಟ್ಟವರೂ ತಿದ್ದುಪಡಿಯಾದವರೂ ಅಲ್ಲಿ ಬೇರೆಬೇರೆಯಾಗಿ ಕಾಣುತ್ತಾರೆ. ಮನೆಮನೆಯನ್ನೂ ಬಲ್ಲ ನಾಲ್ಕು ಮಂದಿ ಹಿರಿಯರ ಮುಂದೆ ಈ ಪುಟಗಳನ್ನು ಗಟ್ಟಿಯಾಗಿ ಓದಿದರೆ, ತೀರಿಕೊಂಡವರ ಹೆಸರು ಎಲ್ಲಿ ಉಳಿದಿದೆ, ಬದುಕಿರುವವರದು ಎಲ್ಲಿ ಹೋಗಿದೆ ಎಂಬುದು ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸುವ ಕ್ರಮವು ಆಯೋಗದ ಸೂಚನೆಗಳಲ್ಲಿಯೂ ಇರುವಂಥದ್ದು. ಸಾರ್ವಜನಿಕ ಶಿಕ್ಷಣವೆಂದರೆ ಹೀಗಿರಬೇಕು. ಡಿ.ವಿ.ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದಾಗ ಅವರಿಗಿದ್ದ ಆಶಯ, ಪ್ರಜೆಯು ರಾಜ್ಯದ ವ್ಯವಹಾರವನ್ನು ತಿಳಿದು ವಿಚಾರಿಸುವವನಾಗಬೇಕೆಂಬುದು. ಶಾಲೆಗಳ ಚುನಾವಣಾ ಸಾಕ್ಷರತಾ ಸಂಘಗಳು ಭಿತ್ತಿಪತ್ರ ಸ್ಪರ್ಧೆಯ ಜೊತೆಗೆ ತಮ್ಮ ಬೀದಿಯ ಭಾಗಪಟ್ಟಿಯನ್ನು ಓದಿ ಪರಿಶೀಲಿಸುವ ಅಭ್ಯಾಸವನ್ನೂ ಇಟ್ಟುಕೊಂಡರೆ ಆ ಆಶಯಕ್ಕೆ ಸಮೀಪವಾಗುತ್ತವೆ.

ಹೆಸರು ತೆಗೆಯುವ ವಿಷಯ ಗಂಭೀರವಾದದ್ದು. ನಮೂನೆ 7ರ ಮೂಲಕ ಮತ್ತೊಬ್ಬ ಮತದಾರನು ನಿಮ್ಮ ಹೆಸರಿಗೆ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಊರು ಬಿಟ್ಟಿದ್ದಾರೆಂದೋ ಅರ್ಹರಲ್ಲವೆಂದೋ ಹೆಸರು ತೆಗೆಯುವ ಮುನ್ನ, ಆ ವ್ಯಕ್ತಿಗೆ ತನ್ನ ವಾದವನ್ನು ಹೇಳಿಕೊಳ್ಳುವ ಯುಕ್ತವಾದ ಅವಕಾಶ ಕೊಡಬೇಕೆಂದು ಅಧಿನಿಯಮದ 22ನೆಯ ಪ್ರಕರಣವೇ ವಿಧಿಸಿದೆ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಮ್ಮೆ ಪಟ್ಟಿಯಲ್ಲಿ ಸೇರಿದ ಹೆಸರನ್ನು ಸಂಶಯದ ಮೇಲೆ, ವಿಚಾರಣೆಯಿಲ್ಲದೆ ತೆಗೆಯಲಾಗದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದ್ದರಿಂದ ನೋಟೀಸು ಬಂದರೆ ಭಯಪಟ್ಟು ಸುಮ್ಮನಿರಬಾರದು. ಅದು ನಿಮ್ಮ ಹಕ್ಕಿನ ಕರೆಯೇ ಆಗಿದೆ. ದಾಖಲೆಗಳೊಡನೆ ಹಾಜರಾಗಿ ಉತ್ತರ ಕೊಡಬೇಕು.

ಮತದಾನದ ದಿನದ ಕೆಲವು ಸಂಗತಿಗಳು. ಚೀಟಿಯಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಹೆಸರಿದ್ದು ಚೀಟಿ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಉದ್ಯೋಗ ಖಾತರಿ ಕಾರ್ಡು, ಭಾವಚಿತ್ರವುಳ್ಳ ಬ್ಯಾಂಕ್ ಪಾಸ್‌ಬುಕ್ ಮೊದಲಾದ ಆಯೋಗ ಒಪ್ಪಿದ ದಾಖಲೆಗಳಲ್ಲೊಂದು ಸಾಕು. ಅಂದು ಸಂಬಳ ಸಹಿತ ರಜೆ ಕೊಡಬೇಕೆಂಬ 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 135ಬಿ ಪ್ರಕರಣವು ದಿನಗೂಲಿಯವರಿಗೂ ಅನ್ವಯಿಸುತ್ತದೆಂಬುದನ್ನು ಎಷ್ಟು ಮಂದಿ ಮೇಸ್ತ್ರಿಗಳು ಬಲ್ಲರು? ಕಣ್ಣು ಕಾಣದವರೂ ಅಶಕ್ತರೂ ಹದಿನೆಂಟು ತುಂಬಿದ ಸಂಗಾತಿಯೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೊಬ್ಬ ಮತ ಹಾಕಿಹೋಗಿದ್ದರೆ, ಮರಳಿ ಬರಬೇಕಾಗಿಲ್ಲ. ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ಕೊಟ್ಟು ಟೆಂಡರ್ಡ್ ಮತಪತ್ರವನ್ನು ಕೇಳಿ ಪಡೆಯಬಹುದು. ಅದು ಪ್ರತ್ಯೇಕ ಲಕೋಟೆಯಲ್ಲಿ ಉಳಿಯುತ್ತದೆ, ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ. ಆದರೆ ಫಲಿತಾಂಶವು ನ್ಯಾಯಾಲಯದ ಮುಂದೆ ಬಂದಾಗ ಪರಿಗಣನೆಗೆ ಬರಬಲ್ಲುದು. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶವು ಒಂದೇ ಒಂದು ಮತದಿಂದ ನಿರ್ಣಯವಾದದ್ದನ್ನು ಬಲ್ಲವರು ಇಂಥ ಲಕೋಟೆಯನ್ನು ಕ್ಷುಲ್ಲಕವೆನ್ನಲಾರರು.

ಹೆಸರು ಸೇರಿಸಿಕೊಳ್ಳದೆ ಅಥವಾ ತೆಗೆದುಹಾಕಿ ಮತದಾರರ ನೋಂದಣಾಧಿಕಾರಿಯು ಆದೇಶ ಮಾಡಿದರೆ, 1950ರ ಅಧಿನಿಯಮದ 24ನೆಯ ಪ್ರಕರಣದಂತೆ ಹದಿನೈದು ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೂ, ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಮೂವತ್ತು ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೂ ಮೇಲ್ಮನವಿ ಸಲ್ಲಿಸಬಹುದು. ಇದನ್ನು ಬರೆದುಕೊಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವನ್ನು ಕೇಳಬಹುದು. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಮೊದಲಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಆ ನೆರವು ಉಚಿತ, ಅದರ ದೂರವಾಣಿ 15100. ಕಾಲಮಿತಿಯ ಎಣಿಕೆ ಆದೇಶದ ದಿನಾಂಕದಿಂದ ಮೊದಲಾಗುವುದರಿಂದ ಆದೇಶದ ಪ್ರತಿಯನ್ನು ಲಿಖಿತವಾಗಿ ಬೇಡಿ ಪಡೆಯಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲವಾದ್ದರಿಂದ, ಚುನಾವಣೆಯ ಸದ್ದೇ ಇಲ್ಲದ ತಿಂಗಳುಗಳಲ್ಲಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವುದೇ ಲೇಸು.